ಬೆಕ್ಕಿಗೊಂದು ಜೊತೆ

ಡಚ್ಚರ ನಾಡಿನ ಲೇವಾರ್ಡನ್ ಊರಿನ ಆ ಬೀದಿಯಲ್ಲಿ ಯಾರ ಮನೆ ಕಿಟಕಿಗೂ ಪರದೆಯಿಲ್ಲ. ಹಾಗಾಗಿ ಯಾರ ಬೆಕ್ಕು ಒಂಟಿಯಾಗಿ ಕೂತಿದೆಯೆಂಬುದು ಶೌಕ್ಯೆ ಅಜ್ಜಿಗೆ ಅಂಗೈ ನೆಲ್ಲಿಕಾಯಿ. ಕಂಡದ್ದೇ ತಡ, ಕರೆಗಂಟೆ ಒತ್ತಿ ಒಳಬಂದು, ಕೋಟು ಕೂಡ ಬಿಚ್ಚದೆ ಕೂತು, "ಅಯ್ಯೋ, ನಿಮ್ಮ ಬೆಕ್ಕಿನ ಮುಖ ನೋಡ್ರಮ್ಮ, ಹೆಂಗೆ ಸೊರಗಿದೆ! ಇನ್ನೊಂದು ತಂದ್ಹಾಕಿ ಅತ್ಲಾಗೆ" ಅನ್ನುತ್ತಾಳೆ. ಆ ಬೆಕ್ಕೋ, ಸೋಫಾ ತುಂಬುವಷ್ಟು ಕೊಬ್ಬಿ ಗೊರಕೆ ಹೊಡೆಯುತ್ತಿರುತ್ತದೆ. ಮನೆಯವರು ಅಲ್ಲಿನ ಪದ್ಧತಿಯಂತೆ ಕಾಫಿ ಕೊಟ್ಟು, ಡಬ್ಬಿ ತೆರೆದು ಒಂದೇ ಒಂದು ಬಿಸ್ಕತ್ತು ಕೊಟ್ಟು, ಟಪ್ಪನೆ ಮುಚ್ಚಳ ಹಾಕುತ್ತಾರೆ. ಎಂದರೆ, ಕಾಫಿ ಮುಗಿದ ಮೇಲೆ ಹೊರಡಬಹುದು ಅಂತ. ಅಜ್ಜಿ ಆ ಒಂದು ಬಿಸ್ಕತ್ತನ್ನು ಇಲಿಯಂತೆ ಕಡಿಯುತ್ತ, ಜೊತೆಯಿಲ್ಲದೆ ಊಟ ಬಿಟ್ಟ ಬೆಕ್ಕುಗಳ ಪುರಾಣವನ್ನು ಕಾಫಿ ತಣ್ಣಗಾಗುವ ತನಕ ಎಳೆಯುತ್ತಾಳೆ. "ನಿಮ್ಮನೆ ಬೆಕ್ಕಿಗೂ ಜೊತೆಯಿಲ್ವಲ್ಲ ಅಜ್ಜಿ?" ಎಂದು ಎದುರುಮನೆಯ ಫೆಮ್ಕೆ ಕೆಣಕಿದರೆ, "ಅವನಿಗೇನೇ ಕೊರತೆ, ನಾನಿಲ್ವಾ!" ಎಂದು ಬಾಯಿ ಮುಚ್ಚಿಸುತ್ತಾಳೆ. ಮೊನ್ನೆ ಫೆಮ್ಕೆ, ಫೋನು ಬಂದ ಗಡಿಬಿಡಿಯಲ್ಲಿ, ಡಬ್ಬಿ ಮುಚ್ಚುವುದನ್ನೇ ಮರೆತಳು. ಅಜ್ಜಿ ತೆರೆದ ಡಬ್ಬಿಯನ್ನು ಒಂದು ಗಳಿಗೆ ನೋಡಿದಳು, ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದಳು, ಎರಡನೇ ಬಿಸ್ಕತ್ತು ತೆಗೆದುಕೊಂಡಳು. ಆ ಮಧ್ಯಾಹ್ನವೆಲ್ಲ ಬೆಕ್ಕಿನ ಮಾತೇ ಎತ್ತಲಿಲ್ಲ.