ಲಕ್ಷ್ಮಯ್ಯನ ಹೊಲದ ಹುಳವೂ ಹುಳಿಯೂ

ಮಾಗಡಿಯಿಂದ ರಾಮನಗರದ ಕಡೆಗೆ ಬರುವಾಗ, ಸಾವನದುರ್ಗದ ಬಂಡೆ ಇನ್ನೂ ಕಣ್ಣಳತೆಯಲ್ಲಿರುವಾಗಲೇ ರಸ್ತೆ ಬಿಟ್ಟು ಎಡಕ್ಕೆ ಇಳಿದರೆ ಕಲ್ಲಯ್ಯನಪಾಳ್ಯ ಸಿಗುತ್ತದೆ. ನಲವತ್ತು ಮನೆಯ ಊರು. ಮಣ್ಣಿನ ವಿಚಾರ ಬಂದರೆ ಅಲ್ಲಿ ಕೊನೆಯ ಮಾತು ಲಕ್ಷ್ಮಯ್ಯನದೇ ಆಗಬೇಕು. ಹಾಗಂತ ಊರಿನವರು ಯಾರೂ ತೀರ್ಮಾನ ಮಾಡಿರಲಿಲ್ಲ, ಲಕ್ಷ್ಮಯ್ಯನೇ ಮಾಡಿಕೊಂಡು ಚಾಚೂ ತಪ್ಪದೆ ಪಾಲಿಸುತ್ತಿದ್ದ.

ಆ ಧೈರ್ಯ ಅವನಿಗೆ ಸುಮ್ಮನೆ ಬಂದದ್ದಲ್ಲ. ಊರಿಗೆ ಅಮೋನಿಯಾ ಗೊಬ್ಬರದ ಮೊದಲ ಮೂಟೆ ತಂದವನು ಅವನೇ. ಸೈಕಲ್ಲಿನ ಹಿಂದೆ ಬಿಗಿದುಕೊಂಡು ಮಾಗಡಿಯಿಂದ ತುಳಿದುಕೊಂಡು ಬಂದಿದ್ದ. ಅರ್ಧ ಊರು ಬಂದು ಆ ಬಿಳಿ ಹರಳುಗಳನ್ನು ಮುಟ್ಟಿ ನೋಡಿ ಹೋಗಿತ್ತು. ಆ ವರ್ಷ ಅವನ ರಾಗಿ ಸೊಂಟ ಮೀರಿ ಬಂತು, ಅವನ ಹೆಸರು ಗೊಬ್ಬರದ ಲಕ್ಷ್ಮಯ್ಯ ಅಂತ ಆಯಿತು. ಒಂದು ಮೂಟೆಗೆ ಇಷ್ಟು ಬಂದರೆ ಎರಡಕ್ಕೆ ಎಷ್ಟು ಬರಬೇಡ ಎಂದುಕೊಂಡೇ ಮುಂದಿನ ಇಪ್ಪತ್ತು ವರ್ಷ ಕಳೆದ. ತಿಪ್ಪೆ ಗೊಬ್ಬರ ಹೊಡೆಯುವುದನ್ನು ಬಿಟ್ಟ, ಅದು ಮೈಗೆಲ್ಲ ನಾತ ಅಂತ. ರಾಗಿ ನಡುವೆ ಅಕ್ಕಡಿ ಸಾಲು ಬಿಟ್ಟು ಸಾಸಿವೆ, ಹುಚ್ಚೆಳ್ಳು ಹಾಕುವುದನ್ನೂ ಬಿಟ್ಟ, ಅದು ಹಳೇ ಕಾಲದವರ ಚಾಳಿ ಅಂತ. ಅವನ ಹೆಂಡತಿ ಕೆಂಚಮ್ಮ ಒಗ್ಗರಣೆಯ ಸಾಸಿವೆಗೆ ಅಂಗಡಿಗೆ ಹೊರಡುವಾಗಲೆಲ್ಲ ಅವನ ಮುಂದೆಯೇ ನಿಂತು ಚೀಲವನ್ನು ಎರಡು ಸಲ ಕೊಡವುತ್ತಿದ್ದಳು. ಅದರ ಅರ್ಥ ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದವನಂತೆ ಬೀಡಿ ಹುಡುಕುತ್ತಿದ್ದ.

ಎರಡು ಸಾವಿರದ ಮೂರನೇ ಇಸವಿಯಲ್ಲಿ ಅವನ ಹೊಲದ ಪಕ್ಕಕ್ಕೇ ಕಾರ್ಖಾನೆ ಬಂತು. ಬಿಡದಿಯಲ್ಲಿ ಎದ್ದ ಕಾರ್ಖಾನೆಗಳು ಆಗ ಸುತ್ತಲ ಊರುಗಳ ಕಡೆಗೂ ಮೈ ಚಾಚುತ್ತಿದ್ದ ಕಾಲ. ಪಕ್ಕದ ಜಮೀನಿನ ದಾಸಪ್ಪ ತನ್ನದನ್ನು ಮಾರಿದ, ಅಲ್ಲಿ ಗೋಡೆ ಎದ್ದಿತು, ಗೋಡೆಯ ಹಿಂದೆ ಮೋಟಾರು ಗಾಡಿಗಳಿಗೆ ನಟ್ಟು ಬೋಲ್ಟು ಮಾಡುವ ಯಂತ್ರಗಳು ಕುಳಿತವು. ಅದರ ಮುಂದಿನ ಎರಡು ವರ್ಷ ಲಕ್ಷ್ಮಯ್ಯನ ರಾಗಿ ಮೊಳಕಾಲು ದಾಟಲಿಲ್ಲ. ಎಲೆ ಹಳದಿ ತಿರುಗಿತು, ತೆನೆ ಕೋಳಿಮರಿಯ ಕಾಲಿನಂತೆ ಬಡಕಲಾಯಿತು. ತಪ್ಪು ಯಾರದೆಂದು ಹುಡುಕುವ ಕಷ್ಟ ಅವನಿಗೆ ಬರಲಿಲ್ಲ. ಹೊಗೆ ಕೊಳವೆ ಕಣ್ಣೆದುರಿಗೇ ನಿಂತಿತ್ತು.

ಹೊಲದ ನಡುವೆ ಒಂದು ಕಡೆ ಮಾತ್ರ, ಗಾಡಿ ಚಕ್ರದ ಎರಡರಷ್ಟು ಅಗಲದ ದುಂಡು ಜಾಗದಲ್ಲಿ, ರಾಗಿ ಹಿಂದಿನ ಹಾಗೇ ಕರ್ರಗೆ ದಟ್ಟವಾಗಿ ನಿಲ್ಲುತ್ತಿತ್ತು. ಯಾರಾದರೂ ಕೇಳಿದರೆ ಲಕ್ಷ್ಮಯ್ಯನ ಬಳಿ ಉತ್ತರ ಸಿದ್ಧವಾಗಿತ್ತು. ಹೊಗೆ ಕೊಳವೆಯಿಂದ ಹೊರಟಾಗ ಮೊದಲು ಮೇಲಕ್ಕೆ ಹೋಗುತ್ತದೆ, ಆಮೇಲೆ ಬಾಗುತ್ತದೆ, ಬಾಗುವಾಗ ಇಷ್ಟು ಜಾಗವನ್ನು ಹಾರಿಕೊಂಡು ಆಚೆ ಬೀಳುತ್ತದೆ. ಇದನ್ನು ಅವನು ಕೈಯಲ್ಲಿ ಗಾಳಿಯ ಮೇಲೆ ಬರೆದು ತೋರಿಸುತ್ತಿದ್ದ. ಗಾಳಿ ಯಾವ ದಿಕ್ಕಿಗೆ ಬೀಸಿದರೂ ಹೊಗೆ ಆ ಜಾಗವನ್ನೇ ಯಾಕೆ ಹಾರುತ್ತದೆ ಎಂದು ಯಾರೂ ಕೇಳಲಿಲ್ಲ.

ಅವನು ಅರ್ಜಿ ಬರೆಸಿದ. ಮೂವತ್ತೊಂದು ಮನೆಯಿಂದ ಸಹಿ, ಹೆಬ್ಬೆಟ್ಟು ಹಾಕಿಸಿದ. ಪ್ರತಿ ಸೋಮವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ತಾಲ್ಲೂಕು ಕಚೇರಿಗೆ ಹೋಗಿಬಂದ. ಕಾರ್ಖಾನೆಯ ಮ್ಯಾನೇಜರನ ಎದುರಿಗೂ ಹೋಗಿ ಕುಳಿತ. ಮ್ಯಾನೇಜರ್ ಸಾಧು ಮನುಷ್ಯ, ಕಾಫಿ ತರಿಸಿದ. ಮೊದಲ ಸಲ ಲಕ್ಷ್ಮಯ್ಯ ಲೋಟ ಮುಟ್ಟಲಿಲ್ಲ. ಎರಡನೇ ಸಲ ಅರ್ಧ ಕುಡಿದು, ಉಳಿದರ್ಧವನ್ನು ವಿರೋಧಕ್ಕೆಂದು ಬಿಟ್ಟ. ಮೂರನೇ ಸಲಕ್ಕೆ ಮ್ಯಾನೇಜರನೇ, ಮಣ್ಣು ಪರೀಕ್ಷೆ ಮಾಡಿಸಿಬಿಡೋಣ ಎಂದ. ಲಕ್ಷ್ಮಯ್ಯನಿಗೂ ಬೇಕಾದದ್ದು ಅದೇ.

ಎರಡು ಸಾವಿರದ ಐದನೇ ಇಸವಿ, ರಾಗಿ ತೆನೆ ಕಟ್ಟುವ ಹೊತ್ತಿನಲ್ಲಿ, ಕೃಷಿ ವಿಶ್ವವಿದ್ಯಾಲಯದಿಂದ ದಿವ್ಯ ಎಂಬ ಹುಡುಗಿ ಬಂದಳು. ಬೆಳೆಯ ಬೇರಿಗೆ ಬೀಳುವ ಹುಳಗಳ ಮೇಲೆ ಸಂಶೋಧನೆ ಮಾಡುತ್ತಿದ್ದವಳು. ಕಬ್ಬಿಣದ ಕೊಳವೆಯಿಂದ ಮಣ್ಣು ತೆಗೆಯುತ್ತಾ ಹೋದಳು. ಲಕ್ಷ್ಮಯ್ಯ ಪಕ್ಕದಲ್ಲೇ ನಡೆಯುತ್ತಾ, ಗೋಡೆಯ ಹತ್ತಿರದ ಮಣ್ಣು ಹೆಚ್ಚು ತೆಗಿಯವ್ವ, ಅಲ್ಲೇ ವಿಷ ಇರೋದು ಎಂದು ದಾರಿ ತೋರಿಸಿದ. ಅವಳು ಗೋಡೆಯ ಹತ್ತಿರವೂ ತೆಗೆದಳು, ನಡು ಹೊಲದಲ್ಲೂ ತೆಗೆದಳು, ಆ ದುಂಡು ಜಾಗದಲ್ಲೂ ತೆಗೆದಳು. ನಾಲ್ಕು ಪೈರು ಕಿತ್ತು ಬಕೆಟ್ಟಿನ ನೀರಲ್ಲಿ ಬೇರು ತೊಳೆದಳು. ಬೇರು ಮೊಂಡು ಪೊರಕೆಯಂತಿತ್ತು. ಅಲ್ಲಲ್ಲಿ ಕಂದು ಗಾಯ, ಸಾಸಿವೆಗಿಂತ ಸಣ್ಣ ಗಂಟುಗಳು. ಲಕ್ಷ್ಮಯ್ಯ ಕೆಂಚಮ್ಮನ ಕನ್ನಡಕ ತರಿಸಿ ಹಾಕಿಕೊಂಡು ನೋಡಿದ. ಗೋಡೆಯ ಕಡೆಗೆ ತಿರುಗಿ, ಹುಳಾನೂ ಬುಟ್ಟವ್ರೆ ನೋಡು, ಎಂದ.

ಹದಿನೈದು ದಿನ ಬಿಟ್ಟು ದಿವ್ಯ ಅವನನ್ನು ಬೆಂಗಳೂರಿಗೆ ಕರೆಸಿ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಅವನ ಹೊಲದ ಒಂದು ಚಮಚ ಮಣ್ಣಿನಿಂದ ತೆಗೆದ ನೀರಿನಲ್ಲಿ ಬಿಳಿ ದಾರದ ತುಂಡುಗಳಂಥವು ಹೊರಳುತ್ತಿದ್ದವು. ದುಂಡುಹುಳ, ಬೇರಿಗೆ ಸೂಜಿಯಂಥ ಬಾಯಿ ಚುಚ್ಚಿ ರಸ ಹೀರುತ್ತವೆ ಎಂದು ಅವಳು ವಿವರಿಸಿದಳು. ಲಕ್ಷ್ಮಯ್ಯ ಬಹಳ ಹೊತ್ತು ಅದರಿಂದ ಕಣ್ಣು ಕೀಳಲಿಲ್ಲ. ಇವುಕ್ಕೆ ಔಷಧಿ ಏನು ಹೊಡೀಬೇಕು ಅಂತ ಕೇಳಿದ.

"ಯಜಮಾನ್ರೇ, ಹುಳ ಆಮೇಲೆ ನೋಡೋಣ," ಎಂದಳು ದಿವ್ಯ. "ಮೊದಲು ಹುಳಿ ನೋಡಬೇಕು. ನಿಮ್ಮ ಮಣ್ಣು ಹುಳಿಯಾಗಿದೆ."

ಅವಳು ಕಾಗದ ತೋರಿಸಿದಳು. ಮಣ್ಣಿನ ಹುಳಿಯನ್ನು ಅಳೆಯುವುದಕ್ಕೆ ಒಂದು ಅಂಕಿ ಇರುತ್ತದೆ, ಪಿಎಚ್ ಅಂತ. ಏಳಕ್ಕಿಂತ ಎಷ್ಟು ಕೆಳಗೆ ಇಳಿಯುತ್ತದೋ ಅಷ್ಟು ಹುಳಿ. ನಡು ಹೊಲದಲ್ಲಿ ನಾಲ್ಕೂ ಮುಕ್ಕಾಲು. ಕಾರ್ಖಾನೆ ಗೋಡೆಯ ಪಕ್ಕದಲ್ಲಿ ಐದೂವರೆ. ದುಂಡು ಜಾಗದಲ್ಲಿ ಆರೂವರೆ. ಹೊಗೆಯಿಂದ ಹುಳಿಯಾಗಿದ್ದರೆ ಗೋಡೆಯ ಪಕ್ಕವೇ ಎಲ್ಲಕ್ಕಿಂತ ಹುಳಿಯಾಗಿರಬೇಕಿತ್ತು. ಆದರೆ ಆ ಅಂಚಿನ ಪಟ್ಟಿಗೆ ನೇಗಿಲು ತಿರುಗುವುದಿಲ್ಲ ಅಂತ, ಗೋಡೆ ಏಳುವ ಮೊದಲಿಂದಲೂ ಅವನು ಅಲ್ಲಿಗೆ ಗೊಬ್ಬರ ಕಡಿಮೆ ಎರಚುತ್ತಿದ್ದ. ಅಷ್ಟು ಹೊತ್ತಿಗೆ ಲಕ್ಷ್ಮಯ್ಯನಿಗೆ ಮಾತು ಎಲ್ಲಿಗೆ ಹೋಗುತ್ತಿದೆ ಎಂದು ಗೊತ್ತಾಗಿ, ಕುರ್ಚಿಯಲ್ಲಿ ಸ್ವಲ್ಪ ಕೆಳಕ್ಕೆ ಜಾರಿದ್ದ. ಇಪ್ಪತ್ತು ವರ್ಷ ಬರೀ ಅಮೋನಿಯಾ ಗೊಬ್ಬರ ಹಾಕಿದರೆ ಕೆಂಪು ಮಣ್ಣು ಹುಳಿಯಾಗುತ್ತದೆ, ಹುಳಿ ಮಣ್ಣಿನಲ್ಲಿ ರಾಗಿಯ ಬೇರು ಇಳಿಯುವುದಿಲ್ಲ, ಇರುವ ಮೊಂಡು ಬೇರಿಗೆ ಹುಳ ಬಾಯಿ ಹಾಕಿದರೆ ಪೈರಿಗೆ ತಡೆಯುವ ಶಕ್ತಿ ಇರುವುದಿಲ್ಲ. ಅವಳು ಇಷ್ಟನ್ನೂ ಮೆತ್ತಗೇ ಹೇಳಿದಳು. ಮೆತ್ತಗೆ ಹೇಳಿದ್ದೇ ಅವನಿಗೆ ಹೆಚ್ಚು ಚುಚ್ಚಿತು.

"ಇದ್ನ ಕನ್ನಡದಲ್ಲಿ ಬರೀಬ್ಯಾಡ ಕಣವ್ವ," ಎಂದಷ್ಟೇ ಕೇಳಿಕೊಂಡ.

ಊರಿಗೆ ಬಂದವನು ಮೂರು ದಿನ ಅರಳಿಕಟ್ಟೆಯ ಕಡೆ ಹೋಗಲಿಲ್ಲ. ದುಂಡು ಜಾಗದ ಗುಟ್ಟನ್ನು ಬಿಡಿಸಿದ್ದು ಕೆಂಚಮ್ಮ. ಮನೆ ಕಟ್ಟಿಸುವಾಗ ಸುಣ್ಣ ಅರಳಿಸಲು ಗುಂಡಿ ತೋಡಿದ್ದು ಅಲ್ಲೇ ಅಲ್ಲವೇ, ಉಳಿದ ಸುಣ್ಣವನ್ನು ಅಲ್ಲೇ ಮುಚ್ಚಿದ್ದರಲ್ಲ, ಎಂದು ಅವಳು ರೊಟ್ಟಿ ತಟ್ಟುತ್ತಾ ನೆನಪಿಸಿದಳು. ಇದು ನಿನಗೆ ಮೊದಲೇ ಗೊತ್ತಿತ್ತಾ ಎಂದು ಅವನು ಕೇಳಿದ್ದಕ್ಕೆ, ಗೊತ್ತಿತ್ತು, ಆದರೆ ನೀವು ಹೊಗೆ ಹಾರೋದನ್ನ ಅಷ್ಟು ಚೆನ್ನಾಗಿ ಹೇಳ್ತಿದ್ರಿ ಎಂದಳು. ಅವನು ಎದ್ದು ಹೊಲಕ್ಕೆ ಹೋದ. ಬದುವಿನ ಮೇಲೆ ಕುಳಿತು ಒಂದು ಹಿಡಿ ಮಣ್ಣು ತೆಗೆದುಕೊಂಡು ಮೂಸಿದ. ಅದೇ ಮಣ್ಣಿನ ವಾಸನೆ. ಮನೆಗೆ ಬಂದ ನೆಂಟನಿಗೆ ಬೇಡ ಬೇಡ ಅಂದರೂ ಎಲೆಗೆ ಬಡಿಸಿದ ಹಾಗೆ ಇಪ್ಪತ್ತು ವರ್ಷ ಬಡಿಸಿದ್ದೆನಲ್ಲ, ಬೇಡ ಅಂತ ಅದು ಯಾವತ್ತೋ ಹೇಳಿರಬೇಕು ಎಂದುಕೊಂಡ. ಅವನಿಗೆ ನಿಜವಾಗಿ ಸಂಕಟವಾದದ್ದು ಅಲ್ಲಿ.

ನಾಲ್ಕನೇ ದಿನ ಅವನು ಮಾಡಿದ ಕೆಲಸ ಎಲ್ಲರಿಗೂ ಆಗುವಂಥದ್ದಲ್ಲ. ಸಹಿ ಹಾಕಿದ ಮೂವತ್ತೊಂದು ಮನೆಗೂ ಹೋದ. ಒಂದೊಂದು ಬಾಗಿಲಲ್ಲೂ ನಿಂತು, ತಪ್ಪು ಕಾರ್ಖಾನೆಯದಲ್ಲ, ನನ್ನದು ಎಂದು ಹೇಳಿದ. ಸಹಿ ಹಾಕದಿದ್ದ ದಾಸಪ್ಪನ ಮನೆಗೂ ಹೋದ. ಅವನು ಮಾತ್ರ ಅಷ್ಟಕ್ಕೇ ಬಿಡಲಿಲ್ಲ.

"ಹಂಗಾದ್ರೆ ಜಮೀನು ಮಾರಿ ಊರು ಹಾಳು ಮಾಡ್ದೆ ಅಂತ ನನ್ನ ಎರಡು ವರ್ಷ ಬೈದ್ಯಲ್ಲ, ಅದೇನಾಯ್ತಲಾ?"

"ಅದ್ನೂ ವಾಪಸ್ ತಗಂಡೆ ಕಣ್ಲಾ," ಎಂದ ಲಕ್ಷ್ಮಯ್ಯ.

ಊರು ಒಂದು ವಾರ ನಕ್ಕಿತು. ಗೊಬ್ಬರದ ಲಕ್ಷ್ಮಯ್ಯ ಹೋಗಿ ಹುಳಿ ಲಕ್ಷ್ಮಯ್ಯ ಬಂದ. ಮುಂದಿನ ವಾರ ಒಬ್ಬೊಬ್ಬರೇ, ಬೇರೆಯವರು ನೋಡದಂತೆ, ಟವೆಲ್ಲಿನಲ್ಲಿ ಮಣ್ಣು ಕಟ್ಟಿಕೊಂಡು ಅವನ ಜಗಲಿಗೆ ಬರತೊಡಗಿದರು. ಅವನನ್ನು ನೋಡಿಯೇ ಎಲ್ಲರೂ ಗೊಬ್ಬರ ಎರಚುವುದನ್ನು ಕಲಿತವರು. ತಾಲ್ಲೂಕು ಕಚೇರಿಯ ಗುಮಾಸ್ತ ಮಾತ್ರ ಕಷ್ಟಕ್ಕೆ ಸಿಕ್ಕಿಕೊಂಡ. ದೂರು ಕೊಡಲು ನಮೂನೆ ಇತ್ತು, ದೂರು ತಪ್ಪು ಎಂದು ಹೇಳಲು ಬರುವವರನ್ನು ಅವನು ಕಂಡಿರಲಿಲ್ಲ. ಕೊನೆಗೆ ಲಕ್ಷ್ಮಯ್ಯ ಕಾರ್ಖಾನೆಗೂ ಹೋಗಿ ಒಂದು ಲೋಟ ಕಾಫಿಯನ್ನು ಪೂರ್ತಿ ಕುಡಿದುಬಂದ. ಅದನ್ನು ಮ್ಯಾನೇಜರ್ ಕ್ಷಮಾಪಣೆ ಎಂದೇ ತೆಗೆದುಕೊಂಡ.

ಹುಳಿಗೆ ಸುಣ್ಣವೇ ಮದ್ದು ಎಂದು ದಿವ್ಯ ಹೇಳಿದ್ದಳು. ಅರ್ಧ ಹೊಲಕ್ಕೆ ಹಾಕಿ, ಅರ್ಧಕ್ಕೆ ಬಿಡಿ, ವ್ಯತ್ಯಾಸ ಅಳೆಯೋಣ ಎಂದೂ ಕೇಳಿಕೊಂಡಿದ್ದಳು. ಬೇಸಾಯಕ್ಕೆ ಹಾಕುವ ಸುಣ್ಣದ ಪುಡಿ ಬೇಕಾದಷ್ಟು ಸಿಗಲಿಲ್ಲ. ಕೊರತೆಗೆ ಸೌದೆಯ ಬೂದಿಯೂ ಆಗುತ್ತದೆ ಎಂದು ಅವಳಿಂದ ತಿಳಿದ ಲಕ್ಷ್ಮಯ್ಯ ರಾಮನಗರದ ಮಜೀದಾಳ ಮನೆಗೆ ಹೋದ. ಮಜೀದಾ ಗೂಡಿನಿಂದ ರೇಷ್ಮೆ ನೂಲು ತೆಗೆಯುವವಳು. ಗೂಡು ಬೇಯಿಸುವ ಒಲೆಗಳು ಬೆಳಗಿನಿಂದ ಸಂಜೆವರೆಗೆ ಉರಿದು, ಹಿತ್ತಲಲ್ಲಿ ಬೂದಿ ಗುಡ್ಡೆಯಾಗಿತ್ತು. ಕೆಂಚಮ್ಮನ ತಂಗಿ ಅವಳ ಬಳಿ ಕೆಲಸಕ್ಕಿದ್ದ ಗುರುತು. ಬೂದಿ ಬೇಕು ಎಂದಾಗ ಮಜೀದಾ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಲಕ್ಷ್ಮಯ್ಯಣ್ಣ, ಹಳ್ಳಿಯಿಂದ ಬರೋರು ಹಣ್ಣು ತರ್ತಾರೆ, ಹಾಲು ತರ್ತಾರೆ. ಕಸ ತಗೊಂಡು ಹೋಗ್ತೀನಿ ಅಂದೋರು ನೀವೇ ಮೊದಲು. ಮೂರು ಗಾಡಿ ಬೇಕಾ, ನಾಲ್ಕಾ?"

ನಾಲ್ಕು ಗಾಡಿ ಬಂತು. ಮಳೆಗೆ ಮುಂಚೆ ಸುಣ್ಣವನ್ನೂ ಬೂದಿಯನ್ನೂ ಅರ್ಧ ಹೊಲಕ್ಕೆ ಎರಚಿ ಮಣ್ಣಿಗೆ ಸೇರಿಸಿ ಉತ್ತ. ಎರಚಿದ ದಿನ ಗಾಳಿ ಎದ್ದು ಅವನೂ ಎತ್ತುಗಳೂ ಒಂದೇ ಬಣ್ಣವಾಗಿದ್ದರು. ಕೆಂಚಮ್ಮ ಕೇಳದೆಯೇ ಅಕ್ಕಡಿ ಸಾಲು ಬಿಟ್ಟು ಸಾಸಿವೆ, ಹುಚ್ಚೆಳ್ಳು ಹಾಕಿದಳು. ಅವನು ನೋಡಿಯೂ ಬೀಡಿ ಹುಡುಕಲಿಲ್ಲ.

ಆ ವರ್ಷ ಸುಣ್ಣ ಕಂಡ ಅರ್ಧದಲ್ಲಿ ರಾಗಿ ಸೊಂಟಕ್ಕೆ ಬಂತು. ಕಾಣದ ಅರ್ಧ ಮೊಳಕಾಲಲ್ಲೇ ಕುಳಿತಿತು. ಗೆರೆ ಎಳೆದಂತೆ ಕಾಣುತ್ತಿತ್ತು. ರಸ್ತೆಯಲ್ಲಿ ಹೋಗುವ ಬಸ್ಸಿನವರೂ ಕತ್ತು ಹೊರಳಿಸುತ್ತಿದ್ದರು. ಲಕ್ಷ್ಮಯ್ಯ ದಿನಕ್ಕೆ ಎರಡು ಸಲ ಆ ಗೆರೆಯ ಮೇಲೇ ನಡೆದಾಡುತ್ತಿದ್ದ, ಯಾರಾದರೂ ಕೇಳಲಿ ಅಂತ. ದಿವ್ಯ ಬಂದು ಹುಳ ಎಣಿಸಿದಳು. ಫಲಿತಾಂಶ ಹೇಳುವಾಗ ಮಾತ್ರ ಅವಳಿಗೆ ನಗು ತಡೆಯುವುದು ಕಷ್ಟವಾಯಿತು. ಬೆಳೆ ಚೆನ್ನಾಗಿದ್ದ ಅರ್ಧದಲ್ಲೇ ಹುಳ ಒಸಿ ಹೆಚ್ಚಾಗಿದ್ದವು.

"ಅಲ್ಲ ಕಣವ್ವ, ನಾಲ್ಕು ಗಾಡಿ ಬೂದಿ ಹೊತ್ತು ನಾನು ಹುಳ ಸಾಕಿದ್ನಾ?" ಎಂದ ಲಕ್ಷ್ಮಯ್ಯ.

ಬೇರು ಹೆಚ್ಚಾದರೆ ತಿನ್ನುವವರೂ ಹೆಚ್ಚುತ್ತಾರೆ, ಆದರೆ ಈಗ ಬೇರಿಗೆ ಶಕ್ತಿ ಇದೆ, ಹುಳ ತಿಂದರೂ ಪೈರು ತಡೆದುಕೊಳ್ಳುತ್ತದೆ ಎಂದು ಅವಳು ಸಮಾಧಾನ ಹೇಳಿದಳು. ಸುಣ್ಣ ಇಲ್ಲದ ಅರ್ಧದಲ್ಲಿ ಹುಳ ಕಡಿಮೆ ಇರುವುದು ಅಲ್ಲಿ ತಿನ್ನಲು ಬೇರೇ ಇಲ್ಲದ್ದಕ್ಕೆ. ಮುಂದಿನ ವರ್ಷ ಒಂದು ಕಡೆ ರಾಗಿ ಬಿಟ್ಟು ಚೆಂಡುಹೂ ಹಾಕಿದರೆ ಹುಳವೂ ಇಳಿಯುತ್ತದೆ ಎಂದು ಹೇಳಿಹೋದಳು. ಅವನು ತಲೆಯಾಡಿಸಿದ. ಆದರೆ ತನ್ನ ಹೊಲದಲ್ಲಿ ಹುಳಗಳು ನೆಮ್ಮದಿಯಾಗಿ ಉಂಡುಕೊಂಡಿವೆ ಎಂಬುದು ಅವನಿಗೆ ಬಹಳ ದಿನ ನುಂಗಲಾರದ ತುತ್ತಾಗಿತ್ತು. ಮುಂದಿನ ವರ್ಷ ಗೋಡೆಯ ಪಕ್ಕದ ಪಟ್ಟಿಗೆಲ್ಲ ಚೆಂಡುಹೂವನ್ನೇ ಹಾಕಿದ. ಆಯುಧಪೂಜೆಗೆ ಕಾರ್ಖಾನೆಯ ಯಂತ್ರಗಳಿಗೆಲ್ಲ ಅವನ ಹೊಲದ ಹೂವೇ ಏರಿತು.

ಸುಣ್ಣ ಹಾಕಿದ ಆ ಮೊದಲ ಸುಗ್ಗಿಯ ರಾಗಿಯನ್ನು ಅವನು ಬೇರೆ ಬೇರೆ ಚೀಲದಲ್ಲಿ ತುಂಬಿಸಿದ್ದ, ಸುಣ್ಣದ್ದು ಒಂದು, ಹುಳಿಯದ್ದು ಒಂದು. ಎರಡನ್ನೂ ಬೇರೆ ಬೇರೆ ಬೀಸಿಸಿ ಮುದ್ದೆ ಮಾಡು, ರುಚಿಯಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ, ದಿವ್ಯಂಗೆ ಬರೆದು ತಿಳಿಸಬೇಕು ಎಂದು ಕೆಂಚಮ್ಮನಿಗೆ ಹೇಳಿದ. ಅವಳು ಎರಡು ಮುದ್ದೆ ಮಾಡಿ, ಮೇಲೆ ಅವರೆಕಾಳಿನ ಸಾರು ಬಿಟ್ಟು ತಟ್ಟೆ ಇಟ್ಟಳು. ಲಕ್ಷ್ಮಯ್ಯ ಎಡಗಡೆಯದನ್ನು ಮುರಿದು ನುಂಗಿ ಕಣ್ಣು ಮುಚ್ಚಿದ. ಬಲಗಡೆಯದನ್ನು ನುಂಗಿ ಮತ್ತೆ ಕಣ್ಣು ಮುಚ್ಚಿದ. ಎಡಗಡೆಯದು ಸುಣ್ಣದ ಹೊಲದ್ದು, ಗಂಟಲಲ್ಲಿ ಬೆಣ್ಣೆಯಂತೆ ಇಳಿಯಿತು, ಇನ್ನೊಂದರಲ್ಲಿ ಕೊನೆಗೊಂಚೂರು ಹುಳಿ ಉಳಿಯುತ್ತದೆ ಎಂದು ತೀರ್ಪು ಕೊಟ್ಟ.

"ಎರಡೂ ಸುಣ್ಣದ ಹೊಲದ್ದೇ," ಎಂದಳು ಕೆಂಚಮ್ಮ. "ಹುಳಿ ಚೀಲದ ಬಾಯಿ ಇನ್ನೂ ಬಿಚ್ಚಿಲ್ಲ."

ಲಕ್ಷ್ಮಯ್ಯ ತಟ್ಟೆಯನ್ನು ಅವಳ ಕಡೆಗೆ ಸರಿಸಿದ. ಆಮೇಲೆ ಸಾರಿಗೆ ಹುಣಸೆಹಣ್ಣು ಜಾಸ್ತಿಯಾಗಿದೆ ಎಂದು ಹೇಳಿ, ಇನ್ನೂ ಒಂದು ಮುದ್ದೆ ಹಾಕಿಸಿಕೊಂಡ.