ಹಿತ್ತಿಲಲ್ಲೊಂದು ಅಡುಗೆಮನೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನನಗೆ ಅಡುಗೆ ಬರುವುದಿಲ್ಲ. ಡಿಕಾಕ್ಷನ್ ಇಳಿಸಬಲ್ಲೆ, ಹಾಲು ಉಕ್ಕಿಸಬಲ್ಲೆ. ಎರಡನೆಯದನ್ನು ಯಾರು ಬೇಡವೆಂದರೂ ಮಾಡುತ್ತೇನೆ. ಇಂಥವನು ಮೂರು ತಿಂಗಳ ಕಾಲ ಹಗಲೂ ಸಂಜೆಯೂ ಅಡುಗೆಮನೆಯ ಕನಸು ಕಂಡೆ ಎಂದರೆ ನೀವು ನಗುತ್ತೀರಿ. ನಗಿ, ನಮ್ಮ ಮನೆಯಲ್ಲೂ ನಕ್ಕರು.

ಹೂಟಗಳ್ಳಿಯ ನಮ್ಮ ಮನೆಯ ಒಳಗಿನ ಅಡುಗೆಮನೆಗೆ ಒಂದೇ ಕಿಟಕಿ. ಮನೆ ಕಟ್ಟಿದ ಹೊಸದರಲ್ಲಿ ಅದರಾಚೆ ಖಾಲಿ ಸೈಟು, ಹುಲ್ಲು, ಅದರ ಮೇಲೆ ಅಂಗೈಯಗಲ ಆಕಾಶ ಇತ್ತು. ಆಮೇಲೆ ಪಕ್ಕದ ಸೈಟಿನವರು ಮನೆ ಕಟ್ಟಿದರು. ಕಟ್ಟಲೇಬೇಕಲ್ಲ, ಸೈಟು ಅವರದ್ದು. ಅಂದಿನಿಂದ ನನ್ನ ಹೆಂಡತಿ ಜಯ ಒಗ್ಗರಣೆ ಹಾಕುವಾಗ ನೋಡುವುದು ಅವರ ಗೋಡೆಯನ್ನು. ಅವರು ದೀಪಾವಳಿಗೆ ಸುಣ್ಣ ಬಳಿಸಿದರೆ ನಮ್ಮ ಅಡುಗೆಮನೆಗೂ ಬಣ್ಣ ಬದಲಾದ ಹಾಗೆ. ಇದನ್ನು ನಾನು ಗಮನಿಸಿದ್ದು ನಿವೃತ್ತನಾದ ಮೇಲೆ, ಒಂದು ಬೆಳಿಗ್ಗೆ ಕಾಫಿಯ ಲೋಟ ಇಡಲು ಒಳಗೆ ಹೋದಾಗ. ಇವಳಿಗೆ ಆಕಾಶ ಕಾಣುವ ಒಂದು ಅಡುಗೆಮನೆ ಕಟ್ಟಿಕೊಡಬೇಕು ಎಂದು ಅಲ್ಲಿಯೇ ತೀರ್ಮಾನಿಸಿದೆ. ಜಾಗವಂತೂ ಇತ್ತು. ನುಗ್ಗೆಮರದ ಕೆಳಗೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ.

ಕಾರ್ಖಾನೆಯ ಡ್ರಾಯಿಂಗ್ ಸೆಕ್ಷನ್ನಿನಲ್ಲಿ ಜೀವಮಾನ ಸವೆಸಿದವನು ನಾನು. ಕೈಗೆ ಪೆನ್ಸಿಲ್ಲು ಸಿಕ್ಕಿದರೆ ನನ್ನನ್ನು ಹಿಡಿಯುವವರಿಲ್ಲ. ಮೇಲಿನಿಂದ ನೋಡಿದರೆ ಹೇಗೆ, ಪಕ್ಕದಿಂದ ಹೇಗೆ, ಅರ್ಧಕ್ಕೆ ಕತ್ತರಿಸಿದರೆ ಹೇಗೆ ಎಂದು ಹಾಳೆ ಹಾಳೆ ತುಂಬಿಸಿದೆ. ಕಡಪ ಕಲ್ಲಿನ ಕಟ್ಟೆ, ಒಂದು ಕಡೆ ಗ್ಯಾಸು, ಇನ್ನೊಂದು ಕಡೆ ಸೌದೆ ಒಲೆ, ಮೇಲೆ ಮಂಗಳೂರು ಹೆಂಚು. ಮಧ್ಯಾಹ್ನ ಊಟವಾಗಿ ಒರಗುಕುರ್ಚಿಯಲ್ಲಿ ಕಣ್ಣು ಅರ್ಧ ಮುಚ್ಚಿದರೆ ಸಾಕು, ಅದು ತಾನೇ ತಾನಾಗಿ ಎದ್ದು ನಿಲ್ಲುತ್ತಿತ್ತು. ಕನಸಿನಲ್ಲಿ ಸಿಮೆಂಟು ಒಣಗಲು ಕಾಯಬೇಕಿಲ್ಲ. ಸಂಜೆಯ ತಂಗಾಳಿ, ಕೆಂಡದ ಮೇಲೆ ಸುಡುತ್ತಿರುವ ಬದನೆಕಾಯಿ, ನುಗ್ಗೆಹೂವು ಉದುರಿ ಉದುರಿ ನೆಲವೆಲ್ಲ ಬಿಳಿ. ಅವರೆಕಾಯಿ ಕಾಲ ಬಂದರೆ ಸೊಗಡಿನ ವಾಸನೆ ಬೀದಿಯ ಕೊನೆಗೂ ಹೋಗುತ್ತದೆ. ನಡುವೆ ಜಯ, ಸೆರಗು ಸಿಕ್ಕಿಸಿಕೊಂಡು, ಆಕಾಶ ನೋಡುತ್ತಾ, ನಗುತ್ತಾ. ನಾನೆಲ್ಲಿ ಎನ್ನುತ್ತೀರಾ? ಅದೇ ಒರಗುಕುರ್ಚಿಯಲ್ಲಿ. ಕನಸಿನಲ್ಲೂ ನನ್ನ ಜಾಗ ಬದಲಾಗಿರಲಿಲ್ಲ.

ಯೋಚಿಸಿದರೆ ವಿಚಿತ್ರವಿದೆ. ಮನುಷ್ಯ ಬಯಲಿನಲ್ಲಿ ಬೇಯಿಸಿಕೊಂಡಿದ್ದವನು, ಮಳೆಗೆ ಹೆದರಿ ಬೆಂಕಿಯನ್ನು ಒಳಗೆ ತಂದ. ಹೊಗೆಗೆ ಹೆದರಿ ಮಾಡಿಗೆ ತೂತು ಕೊರೆದ. ಈಗ ಮೊಬೈಲಿನಲ್ಲಿ ಯಾವ ದೇಶದ ವಿಡಿಯೋ ನೋಡಿದರೂ ಚಡ್ಡಿ ಹಾಕಿದ ಯಜಮಾನನೊಬ್ಬ ಅಂಗಳದಲ್ಲಿ ಏನನ್ನೋ ಸುಡುತ್ತಿರುತ್ತಾನೆ, ಅವನ ಹೆಂಡತಿ ಚಪ್ಪಾಳೆ ತಟ್ಟುತ್ತಿರುತ್ತಾಳೆ. ನಮ್ಮಲ್ಲೇನು ಕಡಿಮೆ? ಮದುವೆಮನೆಯ ಹಿಂದೆ ಚಪ್ಪರ ಹಾಕಿ, ಕೊಪ್ಪರಿಗೆಯಲ್ಲಿ ಹುಳಿ ಕುದಿಸುವವರು ಗಂಡಸರೇ. ಒಲೆ ಹೊರಗಿದ್ದರೆ ಅದು ಗಂಡಸಿನ ವಿದ್ಯೆ, ಒಳಗಿದ್ದರೆ ಹೆಂಗಸಿನ ಕೆಲಸ! ಈ ಮಾತು ನನಗೆ ಬಹಳ ಚೆನ್ನಾಗಿದೆ ಅನ್ನಿಸಿ ಜಯಳಿಗೂ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಾ "ಹೌದೌದು" ಎಂದಳು.

ನನಗೆ ಇದ್ದ ಅಳುಕು ಒಂದೇ. ಇಷ್ಟು ಮಾಡಿಯೂ ಅವಳು ಹೊರಗೆ ಬರದೇ ಹೋದರೆ? ನಕಾಶೆ ತೋರಿಸಿದಾಗಲೆಲ್ಲ "ಚೆನ್ನಾಗಿದೆ" ಎನ್ನುತ್ತಿದ್ದಳೇ ಹೊರತು ಕಣ್ಣಿನಲ್ಲಿ ಬೆಳಕಿರುತ್ತಿರಲಿಲ್ಲ. ಒಮ್ಮೆ ಮಾತ್ರ "ಅಲ್ಲಿಂದ ಇಲ್ಲಿಗೆ ಪಾತ್ರೆ ಹೊರೋರು ಯಾರು?" ಎಂದು ಕೇಳಿದ್ದಳು. ನಾನು ತಕ್ಷಣ ಒಂದು ಪಾತ್ರೆ ಸ್ಟ್ಯಾಂಡು ಬರೆದು ಸೇರಿಸಿದೆ. ಅವಳು ಬರದಿದ್ದರೆ ಅದು ಹಳೇ ಸೈಕಲ್ಲು ನಿಲ್ಲಿಸುವ ಶೆಡ್ಡಾಗುತ್ತದೆ, ನನ್ನ ಪ್ರೀತಿಗೆ ತುಕ್ಕು ಹಿಡಿಯುತ್ತದೆ ಎಂದು ನಿಜವಾಗಿಯೂ ಹೆದರಿಕೊಂಡಿದ್ದೆ.

ಕೊನೆಗೆ ಇಲವಾಲದಿಂದ ಸಿದ್ದಪ್ಪ ಮೇಸ್ತ್ರಿ ಬಂದ. ನನ್ನ ಹಾಳೆಗಳನ್ನು ಮಂಗಳಾರತಿ ತಟ್ಟೆಯ ಹಾಗೆ ಅವನ ಮುಂದೆ ಹಿಡಿದೆ. ಅವನು ಒಂದೆರಡನ್ನು ತಿರುವಿ ಹಾಕಿ, ಕಿವಿಯಲ್ಲಿದ್ದ ಪೆನ್ಸಿಲ್ಲು ತೆಗೆದ.

"ಇವೆಲ್ಲ ಸರಿ ಸಾ. ಅಡ್ಗೆ ಮಾಡೋರು ಯಾರು? ಬಂದು ಗೋಡೆಗೆ ನಿಂತ್ಕಳಿ."

"ಅಳತೆ ಬರೆದಿದ್ದೀನಲ್ಲಪ್ಪ."

"ಹಾಳೆ ಅಡ್ಗೆ ಮಾಡ್ತದಾ ಸಾ? ಕೈ ಮಡಿಸಿ ನಿಂತ್ರೆ ಮೊಣಕೈಯಿಂದ ನಾಕು ಬೆರಳು ಕೆಳಕ್ಕೆ ಕಟ್ಟೆ ಬರ್ಬೇಕು. ಆಮೇಲೆ ಕಲ್ಲು ಕೂರಿಸ್ಬುಟ್ರೆ ಮುಗೀತು, ಎತ್ತಕ್ಕಾಗಕಿಲ್ಲ."

ನಾನು ಜಯಳನ್ನು ಕೂಗಿದೆ. ಅವಳು ಕೈ ಒರೆಸಿಕೊಳ್ಳುತ್ತಾ ಬಂದು, ವಿಷಯ ಕೇಳಿ, ನನ್ನ ಮುಖ ನೋಡಿದಳು.

"ಒಳಗಿನ ಕಟ್ಟೆಗೆ ಯಾರು ನಿಂತಿದ್ರು, ನೆನಪಿದ್ಯಾ?"

ನೆನಪಿರಲಿಲ್ಲ. ಅವಳೇ ನೆನಪಿಸಿದಳು. ಆಗ ಅವಳು ಹೆರಿಗೆಗೆಂದು ಲಕ್ಷ್ಮೀಪುರಂನ ತೌರಿನಲ್ಲಿದ್ದಳು. ಅಂದಿನ ಮೇಸ್ತ್ರಿಯೂ ಹೀಗೇ ಕೇಳಿದ್ದನಂತೆ. ಮನೆಯಲ್ಲಿ ಇದ್ದವನು ನಾನೊಬ್ಬ. ಸಮಯ ಏಕೆ ಹಾಳು ಮಾಡುವುದು ಎಂದು ನಾನೇ ನಿಂತಿದ್ದೆನಂತೆ.

ನಾನು ಆರಡಿ ಆಸಾಮಿ, ಅವಳು ಐದಕ್ಕೂ ಎರಡು ಬೆರಳು ಕಡಿಮೆ.

"ಅದಕ್ಕೇ ಅಲ್ವಾ ಮಣೆ ಮೇಲೆ ನಿಂತ್ಕೊಳ್ಳೋದು," ಎಂದಳು, ತರಕಾರಿಯ ಬೆಲೆ ಹೇಳುವಷ್ಟು ಸಲೀಸಾಗಿ.

ಆ ಮಣೆಯನ್ನು ನಾನು ದಿನಾ ನೋಡಿದ್ದೇನೆ. ನೆಲ ತಣ್ಣಗಿರುತ್ತದೆ, ಪಾದಕ್ಕೆ ಒಳ್ಳೆಯದು ಎಂದು ಹಾಕಿಕೊಂಡಿದ್ದಾಳೆ ಅಂದುಕೊಂಡಿದ್ದೆ. ಒಂದೆರಡು ಸಲ ಎಡವಿ ಬೈದೂ ಇದ್ದೆ. ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ಅಳತೆ ತಪ್ಪಿದರೆ ಹಾರಾಡುತ್ತಿದ್ದ ಮಹಾನುಭಾವ, ಮನೆಯಲ್ಲಿ ಒಂದು ಗೇಣು ತಪ್ಪಿಸಿ ಇಪ್ಪತ್ತೇಳು ವರ್ಷ ಉಂಡು ಕೈ ತೊಳೆದಿದ್ದೆ. ನಾಚಿಕೆಯಾಯಿತು. ತುಂಬಾ ನಾಚಿಕೆಯಾಯಿತು.

"ಯಾಕೆ ಹೇಳಲಿಲ್ಲ ಜಯಾ?"

"ಮಗು ಎತ್ಕೊಂಡು ಹೊಸ ಮನೆಗೆ ಬಂದಿದ್ದೆ. ನೀವು ಒಂದೊಂದೇ ತೋರಿಸ್ತಾ ಅಷ್ಟು ಖುಷಿಯಾಗಿದ್ರಿ. ಹೇಗ್ರೀ ಹೇಳೋದು?"

ಮೇಸ್ತ್ರಿ ಮರ್ಯಾದಸ್ಥ. ನುಗ್ಗೆಮರದಲ್ಲಿ ಕಾಯಿ ಎಷ್ಟಿದೆ ಎಂದು ಎಣಿಸುತ್ತಾ ನಿಂತಿದ್ದ. ನಾನು "ಬಾ, ಈ ಸಲ ನೀನೇ ನಿಂತ್ಕೊ," ಎಂದೆ. ಅವಳು ಗೋಡೆಯ ಹತ್ತಿರ ಹೋದಳು, ಒಮ್ಮೆ ಮೇಲಕ್ಕೆ ಆಕಾಶ ನೋಡಿದಳು, ವಾಪಸು ಬಂದಳು.

"ಬೇಡ ಕಣ್ರೀ, ಈ ಸಲಾನೂ ನೀವೇ ನಿಂತ್ಕೊಳ್ಳಿ."

"ಮತ್ತೆ ನಿನಗೆ ಎತ್ತರ ಆಗಲ್ವಾ?"

"ನನಗ್ಯಾಕೆ ಆಗುತ್ತೆ? ಅಡುಗೆ ಮಾಡೋರು ನೀವಲ್ವಾ? ಹೊರಗಿನ ಒಲೆ ಗಂಡಸರ ವಿದ್ಯೆ ಅಂದ್ರಲ್ಲ!"

ಸಿದ್ದಪ್ಪ ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ. "ಅಮ್ಮಾವ್ರು ಸರ್ಯಾಗೇ ಯೋಳವ್ರೆ, ನಿಂತ್ಕಳಿ ಸಾ," ಎಂದ. ನಿಂತೆ. ಮೊಣಕೈ ಮಡಿಸಿದೆ. ನಾಲ್ಕು ಬೆರಳು ಕೆಳಗೆ ಗೆರೆ ಬಿತ್ತು.

ಈಗ ಕಟ್ಟೆ ಎದ್ದಿದೆ. ನನ್ನ ಕನಸಿನಲ್ಲಿದ್ದ ಎಲ್ಲವೂ ಇದೆ, ಗಾಳಿ, ಹೆಂಚು, ಉದುರುವ ನುಗ್ಗೆಹೂವು. ಮನುಷ್ಯರು ಮಾತ್ರ ಜಾಗ ಬದಲಾಯಿಸಿದ್ದಾರೆ. ಒಂದು ವಾರ ಅವಳ ಹಿಂದೆ ತಿರುಗಿ ತಿಳಿಸಾರು ಕಲಿತೆ. ಮೊದಲನೆಯ ಭಾನುವಾರ ನಾನೇ ಒಗ್ಗರಣೆ ಕೊಟ್ಟು, ಒಲೆಯಿಂದ ಇಳಿಸಿದ್ದೇ ಅವಳ ತಟ್ಟೆಗೆ ಅನ್ನದ ಮೇಲೆ ಸುರಿದೆ. ಅವಳು ಕಲಸಲು ಕೈ ಇಟ್ಟವಳು ಹಾ ಎಂದು ಬೆರಳು ಹಿಂದಕ್ಕೆಳೆದುಕೊಂಡಳು.

"ಏನಾಯ್ತು? ಉಪ್ಪು ಜಾಸ್ತೀನಾ?" ಎಂದೆ ಗಾಬರಿಯಲ್ಲಿ, ಅವಳಿನ್ನೂ ಬಾಯಿಗೇ ಇಟ್ಟಿರಲಿಲ್ಲ.

"ಇಲ್ಲ ಕಣ್ರೀ," ಎಂದಳು ಬೆರಳಿಗೆ ಊದುತ್ತಾ. "ನಾನು ಕೂರೋ ಹೊತ್ತಿಗೆ ಸಾರು ಯಾವಾಗ್ಲೂ ಆರಿರ್ತಿತ್ತು. ಇಷ್ಟು ಬಿಸಿ ಇರುತ್ತೆ ಅಂತ ಗೊತ್ತಿರ್ಲಿಲ್ಲ."