ಲೈನ್‌ಮನ್ ಬೆನಕಪ್ಪ ಕರೆಂಟ್ ತೆಗೆದ ದಿನ

ನ್ಯಾಮತಿ ಸುತ್ತಿನ ಲೈನ್‌ಮನ್ ಬೆನಕಪ್ಪನಿಗೆ ಮೂಗಿನ ತುದಿಯಲ್ಲೇ ಕೋಪ. ಎಪ್ಪತ್ತೆರಡನೇ ಇಸವಿಯಲ್ಲಿ ಕರೆಂಟ್ ಕಂಬದ ಗುಂಡಿ ತೋಡುವ ಕೂಲಿಯಾಗಿ ಸೇರಿ, ಕಂಬ ಹೊತ್ತು ಹೊತ್ತು ಹೆಗಲು ಜಡ್ಡುಗಟ್ಟಿ, ಏಳು ವರ್ಷಕ್ಕೆ ಖಾಯಂ ಆದವನು. ಸುತ್ತಲ ಹನ್ನೆರಡು ಹಳ್ಳಿಗೆ ಮೊದಲ ದೀಪ ಹತ್ತಿಸಿದ್ದು ಅವನೇ. ಹಾಗಾಗಿ ಅಲ್ಲಿನವರನ್ನು ಬೈಯುವ ಹಕ್ಕೂ ತನ್ನದೇ ಎಂದುಕೊಂಡಿದ್ದ. ತಂತಿಗೆ ಕದ್ದು ಕೊಂಡಿ ಹಾಕಿದವನ ಜನ್ಮ ಜಾಲಾಡಿ, ಆಮೇಲೆ ಅವನ ಮನೆಯಲ್ಲೇ ಚಾ ಕುಡಿದು ಬರುತ್ತಿದ್ದ.

ಒಂದು ವಿಷಯದಲ್ಲಿ ಮಾತ್ರ ಬಹಳ ಕಟ್ಟುನಿಟ್ಟು. ಲೈನ್ ತೆಗೆಯುವ ಮೊದಲು ಸೈಕಲ್ ಹತ್ತಿ ಊರೂರಿಗೆ ಹೋಗಿ ಕೂಗಿ ಹೇಳುತ್ತಿದ್ದ. ಬೇಸಿಗೆಯಲ್ಲಿ ಬಾವಿಯ ಹೂಳು ತೆಗೆಯುವವರು ಮೋಟಾರಿನಿಂದ ನೀರು ಎತ್ತಿಸುತ್ತ ತಳದಲ್ಲಿ ನಿಂತು ಕೆಲಸ ಮಾಡುತ್ತಾರೆ. ಕರೆಂಟ್ ಹೋದರೆ ಸೆಲೆಯ ನೀರು ಕಾಲಿಂದ ಮೇಲಕ್ಕೆ ಏರುತ್ತದೆ. ಹೇಳದೆ ಸ್ವಿಚ್ ಎಳೆಯುವವನು ಲೈನ್‌ಮನ್ ಅಲ್ಲ, ಕೊಲೆಗಾರ ಎಂದು ಹೊಸದಾಗಿ ಸೇರಿದವರಿಗೆ ಬೈದೇ ಕಲಿಸಿದ್ದ.

ಎಂಬತ್ತಾರರ ಬೇಸಿಗೆಯಲ್ಲಿ ಹೊರದೇಶದ ಕಂಪನಿಯೊಂದು ಮೆಕ್ಕೆಜೋಳದಿಂದ ಗಂಜಿಪುಡಿ ತೆಗೆಯುವ ಕಾರ್ಖಾನೆಗೆ ಜಾಗ ಹುಡುಕುತ್ತ ಬಂತು. ದೊಡ್ಡವರೆನಿಸಿಕೊಂಡವರೆಲ್ಲ ಹೊಸ ಅಳಿಯ ಬಂದಂತೆ ಕುಣಿದರು. ಜಗಳೂರಿನಲ್ಲಿ ನೆಲ ಬೇಕಾದಷ್ಟಿತ್ತು, ನೀರಿರಲಿಲ್ಲ. ಚನ್ನಗಿರಿ ಕಡೆ ನೀರಿತ್ತು, ತೋಟದವರು ಗೇಣು ಜಾಗ ಬಿಡಲೊಲ್ಲರು. ನ್ಯಾಮತಿ ಹತ್ತಿರ ಸರ್ಕಾರಿ ಗೋಮಾಳವಿತ್ತು, ಹೊನ್ನಾಳಿಯ ಹೊಳೆ ದೂರವಿರಲಿಲ್ಲ, ಲಾರಿ ಓಡುವ ರಸ್ತೆಯಿತ್ತು. ತೆರಿಗೆ ಮಾಫಿ, ಕೂಲಿ ಅಗ್ಗ, ಮುಷ್ಕರದ ಹೆಸರೇ ಇಲ್ಲ ಎಂದು ಟೈಪು ಮಾಡಿಸಿದ ಹಾಳೆ ಹಿಡಿದು ಇವರು ಬಂದವರ ಹಿಂದೆ ಓಡಾಡಿದರು. ಸಂತೆಯಲ್ಲಿ ಎತ್ತಿನ ಬಾಯಿ ತೆರೆದು ಹಲ್ಲು ತೋರಿಸುತ್ತಾರಲ್ಲ, ಹಾಗೆ ನಮ್ಮ ಜನರ ಬಡತನವನ್ನು ತೋರಿಸಿದರು. ನಾಚಿಕೆ ಎಂಬುದು ಒಬ್ಬನಿಗಾದರೂ ಇರಬೇಡವೇ? ಕೊರತೆಯಿದ್ದದ್ದು ಒಂದೇ, ಕರೆಂಟ್. ಅದು ದಿನಕ್ಕೆ ಹತ್ತು ಸಲ ಹೋಗಿ ಐದು ನಿಮಿಷಕ್ಕೆ ಬರುತ್ತಿತ್ತು.

ಕಂಪನಿಯವರು ಗೋಮಾಳ ನೋಡಲು ಬರುವ ದಿನ ಬೆಳಿಗ್ಗೆ ಜೀಪಿನಿಂದಿಳಿದ ಸರ್ಕಾರಿ ಸಾಹೇಬನೊಬ್ಬ ಬೆನಕಪ್ಪನನ್ನು ಕರೆಸಿದ.

"ಮೂರು ದಿನ ಅವರು ಇಳಿದುಕೊಳ್ಳೋ ಬಂಗಲೆಯಲ್ಲಿ, ಗೋಮಾಳದ ಕಡೆ ಕರೆಂಟ್ ಒಂದು ಕ್ಷಣವೂ ಹೋಗಬಾರದು. ಹಳ್ಳಿ ಲೈನೆಲ್ಲ ತೆಗೆದು ಇಲ್ಲಿಗೇ ಬಿಡು."

"ಆಗ್ಲಿ ಸ್ವಾಮಿ. ಊರಿಗೆಲ್ಲ ಹೇಳಿ ಬರಾಕೆ ಎರಡು ತಾಸು ಕೊಡ್ರಿ."

"ಹೇಳಿದರೆ ನೂರು ಜನ ಇಲ್ಲೇ ಬಂದು ಕೂರ್ತಾರೆ. ಕಂಪನಿಯವರ ಕಾರು ಹೊನ್ನಾಳಿ ಬಿಟ್ಟಾಗಿದೆ. ಈಗಲೇ ತೆಗಿ."

"ಬಾವ್ಯಾಗೆ ಜನ ಇರ್ತಾರ್ರೀ."

"ನಿನಗೆ ನೌಕರಿ ಬೇಕೋ, ಬಾವಿ ಬೇಕೋ?"

ಹಳ್ಳಿಯವರನ್ನೆಲ್ಲ ಬೈದು ನಡುಗಿಸುತ್ತಿದ್ದ ಬೆನಕಪ್ಪ ಆವತ್ತು ಹೇಳಿದಂತೆ ಹೋಗಿ ಸ್ವಿಚ್ಚಿನ ಹಿಡಿಕೆ ಎಳೆದ. ಎಳೆದವನೇ ಸೈಕಲ್ ಹತ್ತಿ ತನ್ನ ಅಕ್ಕ ಕೆಂಪಕ್ಕನ ಊರಾದ ಹಾಲಗುಡ್ಡದ ಕಡೆ ಎದ್ದು ಬಿದ್ದು ತುಳಿದ. ಅವಳ ಹೊಲದಲ್ಲಿ ಆ ವಾರ ಬಾವಿ ಕೆಲಸ ನಡೆದಿತ್ತು.

ಅವನು ಮುಟ್ಟುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ನೀರು ಏರುವುದನ್ನು ಕಂಡು ಗಾಬರಿಯಲ್ಲಿ ಮೇಲೆ ಹತ್ತುತ್ತಿದ್ದ ಕೆಂಪಕ್ಕನ ಗಂಡ ಜುಂಜಪ್ಪ ಪಾಚಿ ಕಲ್ಲಿನ ಮೇಲೆ ಜಾರಿ ತಳಕ್ಕೆ ಬಿದ್ದಿದ್ದ. ಜೊತೆಯವರು ಹಗ್ಗ ಕಟ್ಟಿ ಎಳೆದು ಜೀವ ಉಳಿಸಿದ್ದರು. ತೊಡೆಯ ಮೂಳೆ ಮುರಿದಿತ್ತು. ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿ ಹೊನ್ನಾಳಿ ಆಸ್ಪತ್ರೆಗೆ ಒಯ್ದರು. ಇನ್ನು ಗುದ್ದಲಿ ಹಿಡಿಯುವ ಆಸೆ ಬಿಡಿ ಎಂದರು ಡಾಕ್ಟರು.

ಈ ಹಾಳು ಕಾರ್ಖಾನೆ ಹೆಂಗೆ ಬರುತ್ತದೋ ನೋಡೇಬಿಡುತ್ತೇನೆ ಎಂದು ಬೆನಕಪ್ಪ ಮರುದಿನ ಗೋಮಾಳಕ್ಕೆ ಹೋದ. ನೌಕರಿ ಹೋದರೆ ಹೋಗಲಿ ಎಂದು ಗಟ್ಟಿ ಮಾಡಿಕೊಂಡೇ ಹೋಗಿದ್ದ. ಸಾಹೇಬ ಅಡ್ಡ ಬಂದ. ಕಂಪನಿಯಿಂದ ಬಂದಿದ್ದ ಬಿಳಿ ಟೋಪಿಯ ಪರದೇಶಿ ಮಾತ್ರ, ಬರಲಿ ಬಿಡಿ ಎಂದು ಕೈ ಮಾಡಿ ಕರೆದ. ಪಕ್ಕದಲ್ಲಿ ಮಾತು ತಿಳಿಸಲು ಬೆಂಗಳೂರಿನ ದುಭಾಷಿ ನಿಂತಿದ್ದ.

"ಈ ಕರೆಂಟ್ ಸುಳ್ಳು ರೀ," ಎಂದ ಬೆನಕಪ್ಪ. "ಹನ್ನೆರಡು ಹಳ್ಳೀದು ಕಿತ್ಕಂಡು ನಿಮಗೆ ತೋರಿಸ್ತಾ ಅವ್ರೆ. ನನ್ನ ಕೈಲೇ ತೆಗೆಸ್ಯಾರೆ. ನಮ್ಮ ಭಾವನ ಕಾಲು ಮುರಿದೈತೆ. ಇವರನ್ನ ನಂಬಿ ಇಲ್ಲಿ ಒಂದು ಇಟ್ಟಿಗೇನೂ ಇಡಬ್ಯಾಡ್ರಿ."

ದುಭಾಷಿ ಒಂದು ಮಾತೂ ಬಿಡದೆ ತಿಳಿಸಿದ. ಪರದೇಶಿಗೆ ಸಿಟ್ಟು ಬರಲಿಲ್ಲ. ತಿರುಗಿ ಪ್ರಶ್ನೆ ಕೇಳಿಸಿದ.

"ಆ ಹನ್ನೆರಡು ಹಳ್ಳಿಯಿಂದ ಯಾರಾದರೂ ಜಗಳಕ್ಕೆ ಬಂದರಾ?"

"ಇಲ್ಲ ರೀ."

"ಕಲ್ಲು ತೂರಿದರಾ? ರಸ್ತೆ ತಡೆದರಾ?"

"ಇಲ್ಲ. ಕರೆಂಟ್ ಹೋಗೈತೆ, ಬಂದಾಗ ಬರ್ತೈತೆ ಅಂತ ಸುಮ್ನೆ ಅವ್ರೆ."

ಪರದೇಶಿ ತಲೆಯಾಡಿಸಿ ಪುಸ್ತಕದಲ್ಲಿ ಬರೆದುಕೊಂಡ. ಬೆನಕಪ್ಪನ ಕೈ ಕುಲುಕಿದ. ಕಾರಿನ ಕಡೆ ಹೋಗುತ್ತ ದುಭಾಷಿ ಮೆಲ್ಲಗೆ ಹೇಳಿದ: "ಕರೆಂಟ್ ಅವರಿಗೆ ದೊಡ್ಡ ವಿಷಯ ಅಲ್ಲಪ್ಪ, ಜನರೇಟರ್ ತರ್ತಾರೆ. ಇಷ್ಟು ಸುಮ್ಮನಿರೋ ಜನ ಬೇರೆಲ್ಲೂ ಸಿಕ್ಕಿಲ್ಲವಂತೆ. ಇಲ್ಲೇ ಹಾಕೋದು ಅಂತಾಯ್ತು."

ಬೆನಕಪ್ಪನ ಮೈಯೆಲ್ಲ ಉರಿದುಹೋಯಿತು. ಕೆಡಿಸಲು ಹೋದವನೇ ಗಟ್ಟಿ ಮಾಡಿ ಬಂದಿದ್ದ. ಸಾಹೇಬನ ಮೇಲೆ ಸಿಟ್ಟು, ಪರದೇಶಿಯ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ಹಿಡಿಕೆ ಎಳೆದ ತನ್ನ ಕೈಯ ಮೇಲೆ ಸಿಟ್ಟು. ನೆಟ್ಟಗೆ ಹಾಲಗುಡ್ಡಕ್ಕೆ ಹೋದ. ಕೆಂಪಕ್ಕ ಆಸ್ಪತ್ರೆಗೆ ಬುತ್ತಿ ಕಟ್ಟುತ್ತಿದ್ದಳು.

"ಅಕ್ಕಾ, ಕರೆಂಟ್ ತಾನಾಗೇ ಹೋಗಿದ್ದಲ್ಲ. ತೆಗೆದೋನು ನಾನು. ಬಾವಿ ಕೆಲಸ ನಡೆದೈತೆ ಅಂತ ಗೊತ್ತಿದ್ದೇ ತೆಗೆದೆ."

ಕೆಂಪಕ್ಕ ಗಂಟು ಬಿಗಿದಳು. "ಸಾಹೇಬ್ರು ಹೇಳಿದ್ರೆ ನೀನಾದ್ರೂ ಏನ್ ಮಾಡಾಕಾಗ್ತೈತೆ ತಮ್ಮಾ. ನಮ್ಮ ಹಣೇಬರ. ಕೈಕಾಲು ತೊಳ್ಕ, ರೊಟ್ಟಿ ಐತೆ."

"ಬೈಯಕ್ಕ ನನ್ನ. ಮಕಕ್ಕೆ ಉಗಿ. ಇಲ್ಲಿ ಯಾರೂ ಕೇಳಾಕೆ ಬರಂಗಿಲ್ಲ ಅಂತ ಬರ್ಕಂಡು ಹೋದ್ರು. ನೀನಾದ್ರೂ ಕೇಳು."

ಕೆಂಪಕ್ಕ ಅವನ ಮುಂದೆ ತಟ್ಟೆ ಇಟ್ಟು ಎರಡು ರೊಟ್ಟಿ ಹಾಕಿದಳು. ಸಾಲದಿದ್ದರೆ ಇನ್ನೊಂದು ಹಾಕಿಕೋ ಎಂದು ಹೇಳಿ, ಬುತ್ತಿ ಹಿಡಿದು ಹೊನ್ನಾಳಿ ಬಸ್ಸಿಗೆ ಹೊರಟಳು.